ನೀಲವ್ವನ ಬಲಗಾಲಿನ ಮೂಳೆ

1943ರಲ್ಲಿ ನಾನು ಗೋಕಾಕದ ಒಂದು ಸಣ್ಣ ಆಸ್ಪತ್ರೆಗೆ ಸರ್ಜನ್ ಆಗಿ ಬಂದೆ. ಹದಿನೆಂಟು ಹಾಸಿಗೆ, ಒಂದು ಆಪರೇಶನ್ ಕೋಣೆ, ಈಥರ್ ಕೊಡುವುದರಲ್ಲಿ ಕೈ ಪಳಗಿದ ಒಬ್ಬ ಕಂಪೌಂಡರ್. ಎಕ್ಸ್‌ರೇ ಬೇಕೆಂದರೆ ರೋಗಿಯನ್ನು ಬೆಳಗಾವಿಗೆ ಸಾಗಿಸಬೇಕಿತ್ತು. ನನಗಾಗ ಮೂವತ್ತೆರಡು ವರ್ಷ. ಮುಂಬಯಿಯಲ್ಲಿ ಕಲಿತು ಬಂದವನೆಂಬ ಜಂಬ ಬೇರೆ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಮಮದಾಪುರದ ನೀಲವ್ವ ಎಂಬ ಇಪ್ಪತ್ತೆಂಟರ ಹೆಣ್ಣುಮಗಳನ್ನು ಚಕ್ಕಡಿಯಲ್ಲಿ ಮಲಗಿಸಿ ತಂದರು. ಜೊತೆಗೆ ಅವಳ ಅತ್ತೆ ಇದ್ದಳು. ಎರಡು ವರ್ಷದ ಹಿಂದೆ ಬಣವೆಯ ಮೇಲಿಂದ ಬಿದ್ದಿದ್ದಳಂತೆ. ಅಂದಿನಿಂದ ಸೊಂಟದ ಕೊನೆಯ ಮಣಿ, ಬೆನ್ನಿನ ಬುಡದಲ್ಲಿರುವ ಅಗಲವಾದ ತ್ರಿಕಾಸ್ಥಿಯ ಮೇಲಿಂದ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜಾರುತ್ತಿತ್ತು. ಬಲಗಾಲಿನ ಬೆರಳುಗಳಿಗೆ ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಹೀಗೇ ಬಿಟ್ಟರೆ ನಡಿಗೆಯೇ ಹೋಗುವ ಹಾಗಿತ್ತು.

"ಎಮ್ಮಿ ಹಿಂಡಾಕ ಕೂಡಾಕ ಆಗವಲ್ದು, ಎದ್ದ ನಿಂದ್ರಾಕ ಆಗವಲ್ದು. ನಡಿಯೂ ಹಂಗ ಮಾಡ್ರಿ ಸಾಹೇಬ್ರ, ಅಷ್ಟ ಸಾಕು" ಎಂದಳು.

ಇದಕ್ಕಿದ್ದ ದಾರಿ ಸ್ಪೈನಲ್ ಫ್ಯೂಜನ್. ಅಂದರೆ ಅಲುಗಾಡುವ ಮಣಿಗಳನ್ನು ರೋಗಿಯ ಮೂಳೆಯಿಂದಲೇ ಬೆಸೆದು ಒಂದಾಗಿಸುವುದು. ಅವಳ ಎಡ ಮೊಣಕಾಲಿನ ಕೆಳಗಿನ ಮೂಳೆಯಿಂದ ಬೆರಳಗಲದ ಪಟ್ಟಿ ತೆಗೆದು ಬೆನ್ನಿನ ಬುಡದಲ್ಲಿ ಕೂರಿಸಿದೆ. ಅದು ಕೂಡಿಕೊಳ್ಳಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಬೆನ್ನಿನ ಆಕಾರಕ್ಕೆ ಮಾಡಿದ ಪ್ಲಾಸ್ಟರ್ ತೊಟ್ಟಿಯಲ್ಲಿ ಬೆಲ್ಟು ಬಿಗಿದುಕೊಂಡು ಅಂಗಾತ ಮಲಗಿರಬೇಕು. ಏಳಬಾರದು ಎಂದು ಅತ್ತೆ ಸೊಸೆ ಇಬ್ಬರಿಗೂ ಹೇಳಿದೆ. ಇಬ್ಬರೂ ತಲೆಯಾಡಿಸಿದರು.

ಮೂರು ತಿಂಗಳ ಮೇಲೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದೆ. ಪಟ್ಟಿ ನಡುವೆ ಮುರಿದಿತ್ತು. ಮೂಳೆ ತೆಳುವಾಯಿತು, ಹಿಡಿತ ಸಾಲಲಿಲ್ಲ ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಎರಡನೆಯ ಸಲ ಬಲಗಾಲಿನಿಂದ ದಪ್ಪ ತುಂಡನ್ನೇ ತೆಗೆದೆ. ಅದರ ಎರಡೂ ತುದಿಗೆ ಕಚ್ಚು ಕೊರೆದೆ. ಬೋರಲು ಮಲಗಿಸಿದ ರೋಗಿಯ ಸೊಂಟವನ್ನು ಟೇಬಲ್ ಸಮೇತ ಬಗ್ಗಿಸಿದರೆ ಹಿಂಭಾಗದ ಮೂಳೆಗಳ ನಡುವೆ ಸಂದು ಅಗಲವಾಗುತ್ತದೆ. ಆ ಸಂದಿನಲ್ಲಿ ತುಂಡನ್ನಿಟ್ಟು ಟೇಬಲ್ ನೆಟ್ಟಗೆ ಮಾಡಿದರೆ ಮೇಲಿನ ಮಣಿಯೂ ಕೆಳಗಿನ ತ್ರಿಕಾಸ್ಥಿಯೂ ಅದನ್ನು ಕಚ್ಚಿ ಹಿಡಿಯುತ್ತವೆ. ಸುತ್ತಲೂ ಸೊಂಟದ ಮೂಳೆಯ ಚೂರುಗಳನ್ನು ತುಂಬಿದೆ. ಎರಡೂವರೆ ಗಂಟೆ ಹಿಡಿಯಿತು. ಹೊರಗೆ ಬಂದಾಗ ನನಗೆ ನನ್ನ ಕೈಯ ಮೇಲೆ ಮತ್ತೆ ನಂಬಿಕೆ ಬಂದಿತ್ತು.

ಐದನೆಯ ದಿನ ಹುಕ್ಕೇರಿಗೆ ಹೋಗಬೇಕಿದ್ದುದರಿಂದ ಒಂಬತ್ತರ ರೌಂಡಿಗೆ ಬೆಳಿಗ್ಗೆ ಆರಕ್ಕೇ ಹೊರಟೆ. ವಾರ್ಡಿನಲ್ಲಿ ಬೆಲ್ಟು ಬಿಚ್ಚಿತ್ತು. ಅತ್ತೆ ಬೆನ್ನಿಗೆ ಆಸರೆಯಾಗಿದ್ದಳು. ನೀಲವ್ವ ಎದ್ದು ಕುಳಿತು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಅದಕ್ಕೆ ಹಣೆ ಬಾಗಿಸುತ್ತಿದ್ದಳು. ಬಾಗಿದಷ್ಟೂ ಆ ಸಂದು ಅಗಲವಾಗುತ್ತದೆ.

"ಏನವ್ವಾ ಇದು! ಏಳಬ್ಯಾಡ ಅಂತ ಹೇಳಿದ್ದಿಲ್ಲ?"

"ಎಲ್ಲಿ ಎದ್ದೇನ್ರಿ? ಪೂಜಿಗಷ್ಟ ಕುಂತೇನಿ. ಪೂಜಿ ಇಲ್ದ ಬಾಯಾಗ ನೀರ ಹೆಂಗ ಹಾಕ್ಕೊಳ್ಳಿ?"

"ಮೊದಲನೇ ಸಲಾನೂ ಕುಂತಿದ್ದೇನು?"

"ದಿನಾ ಕುಂತೇನ್ರಿ."

ಅವಳ ದನಿಯಲ್ಲಿ ಅಳುಕಿರಲಿಲ್ಲ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಪೂಜೆ ಆರಕ್ಕೆ, ನನ್ನ ರೌಂಡು ಒಂಬತ್ತಕ್ಕೆ, ಅಷ್ಟೇ. ನನ್ನ ಕೊರಳಲ್ಲೂ ಲಿಂಗವಿತ್ತು. ಎರಡೂ ಆಪರೇಶನ್ನಿಗೆ ಮುನ್ನ ಅವಳ ಎದೆಯ ಮೇಲಿನ ಲಿಂಗವನ್ನು ತೋಳಿಗೆ ಕಟ್ಟಿಸಿದವನೂ ನಾನೇ. ಆದರೂ ಅವಳು ಪೂಜೆಗೆ ಎದ್ದು ಕೂರುತ್ತಾಳೆಂದು ಹೊಳೆದಿರಲಿಲ್ಲ. ಇದೂ ಸಡಿಲಾದರೆ ಮೂಳೆ ತೆಗೆಯಲು ಅವಳಿಗೆ ಮೂರನೆಯ ಕಾಲಿರಲಿಲ್ಲ.

ಮಲಗಿಕೊಂಡೇ ಪೂಜೆ ಮಾಡು ಎಂದೆ.

"ನೀವು ದಿನಾ ಪೂಜಿ ಮಾಡ್ತೀರೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾರ ಇದ್ರಾಗ ನಿಮ್ಮ ಮಾತ ಹೆಂಗ ಕೇಳ್ಲಿ?"

ಹುಕ್ಕೇರಿಯ ಕೆಲಸ ಬಿಟ್ಟು ಟಾಂಗಾ ಮಾಡಿಕೊಂಡು ಮಮದಾಪುರಕ್ಕೆ ಹೋಗಿ ಅವಳ ಮನೆತನದ ಗುರುಗಳಾದ ಮುದುಕ ಅಯ್ಯನವರನ್ನು ಕರೆತಂದೆ. ಅವರು ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿದರು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ಕೈಯಾರೆ ಲಿಂಗವನ್ನು ಅವಳ ಎದೆಯ ಮೇಲೆ ಇಟ್ಟರು.

"ಹಾಸಿಗಿ ಹಿಡದಾಗ ಎದಿನ ಗದ್ದಿಗಿ, ತಂಗಿ. ಹಿಂಗ ಮಲಕೊಂಡ ಮಾಡು."

ಅಂದಿನಿಂದ ಅತ್ತೆ ಬೆಲ್ಟು ಬಿಚ್ಚಲಿಲ್ಲ. ಆದರೂ ಆ ಐದು ದಿನದಲ್ಲಿ ಏನಾಗಿದೆಯೋ ಎಂಬ ಹೆದರಿಕೆ ನನ್ನನ್ನು ತಿಂಗಳುಗಟ್ಟಲೆ ಕಾಡಿತು.

ಆರನೆಯ ತಿಂಗಳ ಎಕ್ಸ್‌ರೇಯಲ್ಲಿ ತುಂಡಿನ ಎರಡೂ ತುದಿ ಗೆರೆಯಿಲ್ಲದೆ ಬೆಸೆದುಕೊಂಡಿದ್ದವು. ನೀಲವ್ವ ಅತ್ತೆಯ ಕೈ ಹಿಡಿದು ವರಾಂಡದ ಉದ್ದಕ್ಕೂ ನಡೆದಳು. "ಬೆರಳಿಗೆ ನೆಲ ತಣ್ಣಗ ಹತ್ತಾಕತ್ತೈತ್ರಿ" ಎಂದಳು. ನನಗೆ ತಡೆಯಲಾಗಲಿಲ್ಲ. ಬಲಗಾಲಿನ ಗಾಯ ನನ್ನ ತಪ್ಪಿನಿಂದ ಆದದ್ದು ಎಂದು ಹೇಳಿಬಿಟ್ಟೆ. ಅವಳು ಸೀರೆಯ ಅಂಚು ತುಸು ಎತ್ತಿ ಎರಡೂ ಕಾಲು ನೋಡಿಕೊಂಡಳು.

"ಇರ್ಲಿ ಬಿಡ್ರಿ ಸಾಹೇಬ್ರ, ಈಗ ಎರಡೂ ಒಂದ ನಮೂನಿ ಆದ್ವಲ್ಲ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ನಿವೃತ್ತನಾಗುವವರೆಗೂ ಚಾಕು ಹಿಡಿಯುವ ಮೊದಲು ಪ್ರತಿಯೊಬ್ಬರನ್ನೂ ಕೇಳುತ್ತಿದ್ದೆ: "ಮುಂಜಾನೆ ಎದ್ದ ಕೂಡ್ಲೆ ಏನೇನ ಮಾಡ್ತೀರಿ?" ಕಿರಿಯ ಡಾಕ್ಟರರು ನಗುತ್ತಿದ್ದರು. ಕೇಳಲು ಒಂದು ನಿಮಿಷ ಸಾಕು. ನಾನು ಕೇಳದೆ ಉಳಿಸಿದ ಆ ಒಂದು ನಿಮಿಷಕ್ಕೆ ನೀಲವ್ವ ತನ್ನ ಇನ್ನೊಂದು ಕಾಲಿನ ಮೂಳೆ ಕೊಡಬೇಕಾಯಿತು.