ಇದ್ದಿಲ ಬಸ್ಸು, ಮೇಲೊಂದು ವಿಮಾನ

ಯುದ್ಧದ ಕಾಲದಲ್ಲಿ ನಾನು ಬೆಂಗಳೂರಿನ ವಿಮಾನದ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುತ್ತಿದ್ದೆ. ವಿಮಾನ ಹತ್ತಿದವನಲ್ಲ. ನನ್ನಂಥವನನ್ನು ಹತ್ತಿಸುವವರಾದರೂ ಯಾರು? ಬಂಡೂರಿನಲ್ಲಿ ಕುರಿ ಸಾಕಿಕೊಂಡಿದ್ದ ನಮ್ಮಪ್ಪನಿಗೆ ಇದನ್ನು ಒಪ್ಪಿಸಲು ಮಾತ್ರ ನನ್ನಿಂದ ಆಗಲೇ ಇಲ್ಲ. ಬೆಂಗಳೂರಿನಿಂದ ಮೈಸೂರಿನ ವಿಮಾನ ಮೈದಾನಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಎಂದು ಒಮ್ಮೆ ಕೇಳಿದ್ದ. "ಅವ್ವ ಎಸರಿಟ್ಟು ಮುದ್ದೆ ಕಟ್ಟೋವಷ್ಟ್ರಲ್ಲಿ ಅಲ್ಲಿ ಇಳ್ದಿರ್ತದೆ ಕಣಪ್ಪ" ಎಂದಿದ್ದೆ. ಅಂದಿನಿಂದ ಊರ ಮೇಲೆ ಯಾವ ವಿಮಾನ ಹಾರಿದರೂ "ನನ್ ಮಗ ಓಯ್ತಾವ್ನೆ" ಎನ್ನುತ್ತಿದ್ದನಂತೆ.

ಅಪ್ಪನಿಗೆ ಕಾಯಿಲೆ ಜೋರಾಗಿದೆ, ಕೂಡಲೇ ಬಾ ಎಂದು ತಂತಿ ಬಂತು. ಪಾಳಿ ಮುಗಿಸಿ ಕಣ್ಣು ಉರಿಯುತ್ತಿದ್ದ ನಾನು ಹಾಗೇ ರೈಲು ಹತ್ತಿದೆ. ಮದ್ದೂರಿನವರೆಗೂ ನಿಂತೇ ಬಂದೆ. ಸೈನಿಕರ ರೈಲಿಗೆ ದಾರಿ ಬಿಡಲು ನಮ್ಮದನ್ನು ನಿಲ್ಲಿಸಿದ್ದೂ ನಿಲ್ಲಿಸಿದ್ದೇ. ಮದ್ದೂರಿನಲ್ಲಿ ಮಳವಳ್ಳಿಯ ಬಸ್ಸೇನೋ ಇತ್ತು. ಆದರೆ ಆಗ ಪೆಟ್ರೋಲು ಎಲ್ಲಿ ಬರಬೇಕು! ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಹೊಗೆಯಲ್ಲೇ ಓಡುವ ಬಸ್ಸು ಅದು.

ಮೊದಲನೇ ಏರಿನಲ್ಲೇ ನಿಂತಿತು. "ಇಳೀರಪ್ಪೋ, ಎಲ್ರೂ ಒಂದ್ ಕೈ ಆಕಿ" ಎಂದ ಕಂಡಕ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ಅಪ್ಪ ಸಾಯುತ್ತಾ ಇದ್ದಾನೆ, ಇಲ್ಲಿ ಇವರ ಹಾಳು ಬಸ್ಸು ನೂಕಬೇಕು! ನೂಕಿದೆ, ಇನ್ನೇನು ಮಾಡಲಿ. ಅಷ್ಟರಲ್ಲಿ ತಲೆ ಮೇಲೆ ಗುಂಯ್ ಎಂದು ವಿಮಾನವೊಂದು ಮೈಸೂರಿನ ಕಡೆ ಹೋಯಿತು. ನನ್ನ ಜೊತೆ ಕುರಿ ಕಾಯ್ದು ಬೆಳೆದ ಊರಿನವನೊಬ್ಬ ಪಕ್ಕದಲ್ಲೇ ನೂಕುತ್ತಿದ್ದ. "ಅದನ್ನ ಮಾಡೋನು ನೀನು, ಇದನ್ನ ನೂಕ್ತಿದ್ದೀಯಲ್ಲಾ!" ಎಂದು ನಕ್ಕ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

"ಬಾಯ್ ಮುಚ್ಕಂಡು ನೂಕ್ಲಾ" ಎಂದೆ.

ಆಮೇಲೂ ಎಷ್ಟು ಸಲ ಇಳಿದೆವೋ, ಎಷ್ಟು ಸಲ ಹತ್ತಿದೆವೋ. ಮಳವಳ್ಳಿಯಿಂದ ಬಂಡೂರಿಗೆ ಕಾಲೆಳೆದುಕೊಂಡು ನಡೆಯುವಾಗ ದುಃಖಕ್ಕಿಂತ ನಿದ್ದೆಯೇ ಹೆಚ್ಚಾಗಿತ್ತು. ಹೀಗೆ ಹೇಳಲು ನನಗೇನೂ ನಾಚಿಕೆಯಿಲ್ಲ, ದಣಿದವರಿಗೆ ಅದು ಗೊತ್ತು. ಊರು ಕಾಣುವ ಹೊತ್ತಿಗೆ ಕುರಿಗಳು ಹಟ್ಟಿಗೆ ತಿರುಗಿದ್ದವು.

ಮನೆ ಮುಂದೆ ಜನ ಸೇರಿತ್ತು. ಅಪ್ಪನನ್ನು ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿದ್ದರು. ಪ್ರಾಣ ಹೋಗುವ ಮೊದಲು ಮನೆಯವರೆಲ್ಲ ಒಂದೊಂದು ಗುಟುಕು ನೀರು ಬಿಡುವುದು ನಮ್ಮಲ್ಲಿ ವಾಡಿಕೆ. ಬಾಯಿ ಒಣಗಿ ಒದ್ದಾಡುತ್ತಿದ್ದರೂ ಅಪ್ಪ ಯಾರ ಕೈಯ ನೀರನ್ನೂ ಕುಡಿಯಲಿಲ್ಲವಂತೆ. ವಿಮಾನದ ಸದ್ದು ಕೇಳಿದ್ದೇ ಹಲ್ಲು ಕಚ್ಚಿಕೊಂಡುಬಿಟ್ಟನಂತೆ.

ಅವ್ವ ನೀರಿನ ಚೊಂಬು ಹಿಡಿದೇ ಕೂತಿದ್ದಳು. "'ಮಗ ಬಂದ, ಅವನ ಕೈಲೇ ಕುಡೀತೀನಿ, ಬುಡಿ' ಅಂದ್ರು ಕಣ್ ಮಗ. ಇಮಾನ ಓಗಿ ಎಸ್ಟೊತ್ತಾಯ್ತು! ಎಲ್ಲಿದ್ಯಪ್ಪಾ ಇಸ್ಟೊತ್ತು?"

ಚೊಂಬು ಈಸಿಕೊಂಡು ಅಪ್ಪನ ತುಟಿಗೆ ನೀರು ಬಿಟ್ಟೆ. ಗಲ್ಲದ ಬಟ್ಟೆ ನೆನೆಯಿತು.