ಅಕ್ಕನ ಹಲ್ಲಿನ ಸೆಟ್

ನಿನ್ನೆ ಮೊಮ್ಮಗಳು ಹ್ಯಾಲೋವೀನ್‌ಗೆಂದು ಮುಖವಾಡ ತಂದಳು. ರಬ್ಬರಿನ ನಾತ, ಕೊಕ್ಕೆ ಮೂಗು, ಬೊಚ್ಚು ಬಾಯಿ. ಆ ಬಾಯಿ ಕಂಡಿದ್ದೇ ನನಗೆ ಮೈ ಉರಿಯಿತು.

"ಇಟ್ಸ್ ಜಸ್ಟ್ ಅ ವಿಚ್, ಅಜ್ಜಿ," ಅಂದಳು. ಹಿಂದಿನ ಕಾಲದಲ್ಲಿ ಈ ಇಂಗ್ಲಿಷರ ದೇಶದಲ್ಲಿ ಮಾಟಗಾತಿಯರೆಂದು ಬಡಪಾಯಿ ಹೆಂಗಸರನ್ನು ಗಲ್ಲಿಗೆ ಹಾಕಿದ್ದರಂತೆ. ಆಗಿನ ಜನಕ್ಕೆ ತಿಳಿವಳಿಕೆ ಇರಲಿಲ್ಲ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಹಿಂದಿನ ಕಾಲವಂತೆ! ನಾನು ಕಣ್ಣಾರೆ ಕಂಡದ್ದು ಇದೇ ಕ್ವೀನ್ಸ್‌ಬರಿಯಲ್ಲಿ, ಇದೇ ಬಿಲ್ಡಿಂಗಿನಲ್ಲಿ.

ಹದಿನೇಳು ಹದಿನೆಂಟು ವರ್ಷದ ಹಿಂದೆ ನಮ್ಮ ಮೇಲಿನ ಫ್ಲಾಟಿನಲ್ಲಿ ಕಲಬುರಗಿ ಕಡೆಯ ಅಕ್ಕ ಒಬ್ಬಳಿದ್ದಳು. ಗಂಡನಿಲ್ಲದಾಕೆ, ಜೋರು ಬಾಯಿ. ವಸಡು ಕೆಟ್ಟು ಇಲ್ಲಿನ ಡೆಂಟಿಸ್ಟ್ ಹಲ್ಲೆಲ್ಲ ತೆಗೆದು ಸೆಟ್ ಕೊಟ್ಟಿದ್ದ. ಅದು ಒತ್ತುತ್ತಿತ್ತು. ಊಟಕ್ಕೆ ಕುಳಿತರೆ ಬಿಚ್ಚಿ ಕರ್ಚೀಫಿನಲ್ಲಿ ಸುತ್ತಿಟ್ಟು, ವಸಡಿನಲ್ಲೇ ರೊಟ್ಟಿ ಅರೆಯುತ್ತಿದ್ದಳು. "ನಿಮ್ಮ ಹಲ್ಲಿಗಿಂತ ನನ್ನ ವಸಡ ಗಟ್ಟಿ ಅದಾವ ನೋಡ್ರಿ," ಎಂದು ನಗಿಸುತ್ತಿದ್ದಳು...

ಕೆಳಗಿನ ಮನೆಯಲ್ಲಿ ಕೂಸಿನ ತೊಟ್ಟಿಲ ಕಾರ್ಯವಾದಾಗಲೂ ಹಾಗೇ ಮಾಡಿದಳು. ಕೂಸಿನ ಅಜ್ಜಿ ನೋಡಿಬಿಟ್ಟಳು. ಆಕೆಯೂ ಅದೇ ಸೀಮೆಯವಳು. ಆ ಕಡೆ ಯಾವಳ ಮೇಲಾದರೂ ಭಾನಾಮತಿಯ ಗುಮಾನಿ ಬಂದರೆ, ಮಂತ್ರ ತೊದಲಲಿ ಎಂದು ಹಲ್ಲು ಕೀಳುತ್ತಿದ್ದರು. ಕೂಸಿಗೆ ಹಿಂದಿನ ದಿನವಷ್ಟೇ ಲಸಿಕೆಯ ಸೂಜಿ ಹಾಕಿಸಿದ್ದರು, ಜ್ವರ ಬರುತ್ತದೆ ಎಂದು ನರ್ಸು ಹೇಳಿಯೂ ಇದ್ದಳು. ಬಂತು.

ಮಾರನೇ ದಿನ ಅಕ್ಕನನ್ನು ಕರೆಸಿ ನಿಲ್ಲಿಸಿದರು. ನಾನೂ ಜೊತೆಗೆ ಹೋದೆ. ಓದಿದ ಮಗ ಸೊಸೆ ನೆಲ ನೋಡುತ್ತ ಕುಳಿತಿದ್ದರು.

"ಮಾಡಿದ್ದು ತಗಿ," ಅಂದಳು ಕೂಸಿನ ಅಜ್ಜಿ.

"ಮಾಡಿದ್ರ ತಗೀತಿದ್ದೆನವ್ವಾ," ಅಂದಳು ಅಕ್ಕ. "ಮಾಡಲಾರದ್ದು ಹ್ಯಾಂಗ ತಗೀಲಿ?"

"ಮತ್ತ ಹಲ್ಲು ಯಾರು ಕಿತ್ರು?"

"ಡೆಂಟಿಸ್ಟ. ಹೋಗಿ ಕೇಳು."

ನನಗೆ ತಡೆಯಲಾಗಲಿಲ್ಲ. "ನನ್ನವೂ ಎರಡು ಬಿದ್ದಾವ. ಹಂಗಂದ್ರ ನಾ ಕಾಲು ಭಾಗ ಭಾನಾಮತಿ ಏನು?"

ಯಾರೂ ನಗಲಿಲ್ಲ. ಡೆಂಟಿಸ್ಟನನ್ನು ಯಾರೂ ಕೇಳಲಿಲ್ಲ.

ಜ್ವರ ತಾನಾಗೇ ಇಳಿಯಿತು. "ತಗದಳು ನೋಡ್ರಿ!" ಅಂದರು. ಏರಿದ್ದಕ್ಕೂ ಅವಳೇ, ಇಳಿದದ್ದಕ್ಕೂ ಅವಳೇ. ಇವರ ನ್ಯಾಯಕ್ಕೆ ಬೆಂಕಿ ಹಾಕ! ಆಮೇಲೆ ಯಾವ ಹಬ್ಬಕ್ಕೂ ಅವಳನ್ನು ಕರೆಯಲಿಲ್ಲ. ಲಿಫ್ಟಿನಲ್ಲಿ ಅವಳಿದ್ದರೆ ತಾಯಂದಿರು ಮಕ್ಕಳ ಮುಖ ಕೋಟಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ಅಕ್ಕ ಮತ್ತೆಂದೂ ಸೆಟ್ ಬಿಚ್ಚಲಿಲ್ಲ. ಬಾಯೆಲ್ಲ ಹುಣ್ಣಾದರೂ, ನನ್ನೆದುರಿಗೂ. ರೊಟ್ಟಿ ಬಿಟ್ಟು ಗಂಜಿಗೆ ಬಂದಳು. ಕೊನೆಗೆ ಆಸ್ಪತ್ರೆಯಲ್ಲಿ ನರ್ಸು ಬಿಚ್ಚಲು ಹೋದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು... ಹಾಗೇ ಹೋದಳು.

ಆ ಕೂಸು ಈಗ ಅಕ್ಸ್‌ಬ್ರಿಡ್ಜಿಗೆ ಕಾಲೇಜಿಗೆ ಹೋಗುತ್ತದೆ, ಗುಂಡುಕಲ್ಲಿನ ಹಾಗಿದೆ. ಇವತ್ತು ಬೆಳಿಗ್ಗೆ ಅದರ ಅಜ್ಜಿ ಲಿಫ್ಟಿನಲ್ಲಿ ಸಿಕ್ಕಳು. ಆಕೆಗೂ ಈಗ ಹಲ್ಲಿನ ಸೆಟ್ ಬಂದಿದೆ. ಮಾತಾಡುವಾಗ ಅಂಗೈ ಅಡ್ಡ ಹಿಡಿಯುತ್ತಾಳೆ.

"ಕೈ ತಗಿಯವ್ವಾ," ಅಂದೆ. "ನಿನಗ ಯಾರು ಏನಂತಾರ? ಅನ್ನಾಕಿ ನೀನೊಬ್ಬಾಕೀನ ಇದ್ದಿ."

ಬಾಗಿಲು ತೆರೆದದ್ದೇ ತನ್ನದಲ್ಲದ ಮಹಡಿಯಲ್ಲಿ ಇಳಿದುಹೋದಳು.

ಅಕ್ಕ ಇದ್ದಿದ್ದರೆ ಬೊಚ್ಚು ಬಾಯಿ ತುಂಬ ನಗುತ್ತಿದ್ದಳು. ನನಗೆ ನಗು ಬರಲಿಲ್ಲ.