ಅಟ್ಟ ಹತ್ತಿದ ಚಿನ್ನದ ಗೆರೆ

ಹಂದನಕೆರೆ ಸೀಮೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕಾಯಿ ಸುಲಿಯುವ ಲಕ್ಕಯ್ಯ ಜಗುಲಿಯ ಮೇಲೆ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಾನೆ. ಆರೋಗ್ಯ ಸಹಾಯಕಿ ಪುಟ್ಟಗಂಗಮ್ಮ ಅವನ ಬೆರಳು ಚುಚ್ಚಿ, ರಕ್ತದ ಹನಿಯನ್ನು ಮಲೇರಿಯಾ ಪರೀಕ್ಷೆಯ ಪಟ್ಟಿಗೆ ಮುಟ್ಟಿಸಿ ಕಾಯುತ್ತಿದ್ದಾರೆ. ಸೂಜಿ ಕಂಡರೆ ನನಗೆ ಅರ್ಧ ಜೀವ ಹೋಗುತ್ತದೆ. ಪುಣ್ಯಕ್ಕೆ, ಅವರ ಜೊತೆ ಸುತ್ತುವ ನನ್ನದು ಪತ್ರಿಕೆಗೆ ಬರೆಯುವ ಕೆಲಸ.

ಒಂದು ಕೆಂಪು ಗೆರೆ ಮೂಡಿದರೆ ಪಟ್ಟಿ ನೆಟ್ಟಗಿದೆ ಎಂದು ಅರ್ಥ, ಎರಡು ಮೂಡಿದರೆ ಮಲೇರಿಯಾ. ಆ ಕೆಂಪು ಯಾವ ಬಣ್ಣದ ನೀರೂ ಅಲ್ಲ, ಚಿನ್ನ! ಕಣ್ಣಿಗೆ ಕಾಣದಷ್ಟು ಸಣ್ಣಗಾದ ಚಿನ್ನದ ಕಣಕ್ಕೆ ಬೆಳಕು ತಾಗಿದರೆ ಅದರ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೆ ತೂಗಾಡುತ್ತವೆ, ಹಸಿರು ಬೆಳಕನ್ನು ನುಂಗಿ ಕೆಂಪನ್ನು ಉಳಿಸುತ್ತವೆ. ವಿಜ್ಞಾನಿಗಳು ಈ ತೂಗಾಟವನ್ನು ಪ್ಲಾಸ್ಮಾನ್ ಎನ್ನುತ್ತಾರೆ.

ಇಂದು ಒಂದು ಗೆರೆಯೂ ಇಲ್ಲ. ಇನ್ನೊಂದು ಪಟ್ಟಿ ತೆಗೆದರೂ ಅಷ್ಟೇ. ಪಟ್ಟಿಗಳೇ ಕೆಟ್ಟಿವೆ. ಪಟ್ಟಿಯ ಡಬ್ಬ ಪುಟ್ಟಗಂಗಮ್ಮನ ಮನೆಯಲ್ಲಿ ಸದಾ ಕುಡಿಯುವ ನೀರಿನ ಮಡಕೆಯ ಪಕ್ಕ, ತಂಪಿನಲ್ಲಿ ಇರುತ್ತದೆ. ಈ ವಾರ ಅದನ್ನು ದಿನಾ ಕೈಗೆ ತೆಗೆದುಕೊಟ್ಟವರು ಅತ್ತೆ ಚಿಕ್ಕಗಂಗಮ್ಮ. ಮನೆಗೆ ಓಡಿ ಕೇಳಿದರೆ ಅತ್ತೆ ನಿರಾಳವಾಗಿ ಹೇಳುತ್ತಾರೆ: "ಇಲಿ ಕಾಟ ಅಂತ ವಾರದಿಂದ ಅಟ್ಟದ ಮೇಲೆ ಮಡಗಿದ್ದೆ ಕಣೇ. ವರ್ಸಗಟ್ಲೆ ಕಾಯೇ ಕೆಡಲ್ಲ, ಇದೇನ್ ಕೆಟ್ಟೋಯ್ತದಾ?"

ಕಾಯಿ ಕೊಬ್ಬರಿಯಾಗುವ ಅಟ್ಟ ಈ ಕಡೆ ಮನೆಯ ಭದ್ರವಾದ ಜಾಗ. ಆದರೆ ಹೆಂಚಿನ ಕಾವಿಗೆ, ಪಟ್ಟಿಯಲ್ಲಿ ಚಿನ್ನವನ್ನು ಗೆರೆಯಾಗಿ ಹಿಡಿದು ನಿಲ್ಲಿಸುವ ಪ್ರೋಟೀನಿನ ಹಿಡಿತವೇ ಸಡಿಲಾಗಿಬಿಡುತ್ತದೆ.

"ಮೊನ್ನೆ ವನಜಾಕ್ಷಿಗೂ ಇದೇ ಡಬ್ಬದ್ದು," ಎನ್ನುತ್ತಾರೆ ಪುಟ್ಟಗಂಗಮ್ಮ. "ಮಬ್ಬಾಗಿ ಒಂದು ಗೆರೆ ಬಂತು. ಏನಿಲ್ಲ ಅಂದ್ಬುಟ್ಟೆ."

ವನಜಾಕ್ಷಿ ತುಂಬು ಗರ್ಭಿಣಿ. ನನ್ನ ಬೈಕಿನಲ್ಲಿ ಆಸ್ಪತ್ರೆಯಿಂದ ಹೊಸ ಪಟ್ಟಿ ತಂದು, ಲಕ್ಕಯ್ಯನ ರಕ್ತ ಮತ್ತೆ ಪರೀಕ್ಷಿಸಿ, ಎರಡು ಗೆರೆ ಕಂಡು ಮಾತ್ರೆ ಕೊಟ್ಟು, ಅವಳ ಮನೆ ಮುಟ್ಟುತ್ತೇವೆ. ಹನ್ನೆರಡು ವರ್ಷದಿಂದ ಐದು ಹಳ್ಳಿ ಸುತ್ತಿದ ಪುಟ್ಟಗಂಗಮ್ಮನ ಕಾಲು ಹೊಸಿಲಲ್ಲಿ ತಡವರಿಸುತ್ತದೆ. ಒಳಗೆ ವನಜಾಕ್ಷಿ ಜ್ವರದಲ್ಲಿ ಕನವರಿಸುತ್ತಿದ್ದಾಳೆ. ಹೊಸ ಪಟ್ಟಿಯಲ್ಲಿ ಒಂದು ಗೆರೆ ಮೂಡುತ್ತದೆ. ಹಿಂದೆಯೇ ಇನ್ನೊಂದು, ಕುಂಕುಮದಷ್ಟು ಕೆಂಪಗೆ. ಪುಟ್ಟಗಂಗಮ್ಮ ಆಸ್ಪತ್ರೆಯ ಜೀಪಿಗೆ ಫೋನು ಮಾಡುತ್ತಾರೆ.

ಜೀಪು ಅವಳನ್ನು ತಿಪಟೂರಿಗೆ ಕರೆದೊಯ್ಯುತ್ತದೆ. ಬದುಕಿಕೊಳ್ಳುತ್ತಾಳೆಯೇ ಎಂದು ನಾನು ಕೇಳುವಷ್ಟರಲ್ಲಿ ಪುಟ್ಟಗಂಗಮ್ಮ ಚೀಲ ಹೆಗಲಿಗೇರಿಸಿ, ಈ ವಾರ ಆ ಕೆಟ್ಟ ಪಟ್ಟಿಯಲ್ಲೇ ರಕ್ತ ನೋಡಿದ್ದ ಮುಂದಿನ ಮನೆಯತ್ತ ಹೊರಟಿದ್ದಾರೆ.

"ಎರಡು ಗೆರೆ ಬಂದೋರು ಹೆದ್ರಿ ಆಸ್ಪತ್ರೆಗೆ ಹೋಯ್ತಾರೆ ಕಣ್ರೀ. ಏನಿಲ್ಲ ಅಂದೋರು ನನ್ನ ಮಾತು ನಂಬ್ಕಂಡು ಮಲಗವ್ರೆ," ಎಂದು ಕದ ತಟ್ಟುತ್ತಾರೆ. "ಎದ್ದು ಬಂದು ಬಾಗ್ಲು ತೆಗುದ್ರೆ ಸಾಕು."